ಚೊಚ್ಚಲ ಕಾದಂಬರ್ಯುತ್ತರ ಲೇಖಕ-ವಿಕಾಸದ ನೆಲೆಗಳು: ಅತ್ತಿಗುಂಡಿ ಕೇಂದ್ರಿತ ಒಂದು ಅನುಸಂಧಾನ

ಒಂದು ಕಾದಂಬರಿ ಬರೆದವನು ಮುಂದೆ ಬೆಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಬಹುಮುಖಿ ಸಂಕಥನಗಳ ಅಂತರ್‌ಪಠ್ಯೀಯ ಪಲ್ಲಟಗಳೊಂದಿಗೆ ಮುಖಾಮುಖಿಯಾಗಿಸುವುದು ಈ ಪ್ರಬಂಧದ ಘನ ಉದ್ದೇಶ. ಕ್ಷೇತ್ರಕಾರ್ಯಕ್ಕೆ ಬಾಬಾಬುಡನ್‌ಗಿರಿ ದಾರಿಯ ಅತ್ತಿಗುಂಡಿಯನ್ನು ಆರಿಸಿಕೊಳ್ಳಲಾಗಿದೆ. ಇಲ್ಲಿನ ಮಳೆಗಾಲದ ಮಂಜಿನಲ್ಲಿ ವಿದ್ವಾಂಸರಿಗೆ ಪರಸ್ಪರರ ಮುಖ ಕಾಣದಿರುವುದು ಚರ್ಚೆಗೆ ಅನುಕೂಲಕರ.

ಸದರಿ ವಿಕಾಸಕ್ಕೆ ಐದು ಘಟ್ಟಗಳು. ಮೊದಲನೆಯದು ಶಾಲು-ಘಟ್ಟ. ಲೇಖಕನ ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ. ಅಧ್ಯಕ್ಷರು ‘ಪುಸ್ತಕ ಓದಲು ಪುರುಸೊತ್ತಾಗಲಿಲ್ಲ’ ಎಂದು ಹೇಳಿಯೇ ಮುಕ್ಕಾಲು ಗಂಟೆ ಅದರ ಬಗ್ಗೆ ಮಾತಾಡುತ್ತಾರೆ. ಎರಡನೆಯದು ಮುನ್ನುಡಿ-ಘಟ್ಟ: ಒಂದೇ ಪುಸ್ತಕ ಬರೆದವನು ಊರವರ ಪುಸ್ತಕಗಳನ್ನೆಲ್ಲ ಹರಸತೊಡಗುತ್ತಾನೆ. ಮೂರನೆಯದು ‘ಮುಂದಿನದು ಯಾವಾಗ?’-ಘಟ್ಟ. ಉಳಿದೆರಡನ್ನು ಕೈಬಿಡಲಾಗಿದೆ; ಕರೆಂಟು ಹೋಗಿದೆ.

ಈ ಸಿದ್ಧಾಂತದ ಪ್ರಕಾರ ಕುವೆಂಪು ಕುಂಠಿತ ಬೆಳವಣಿಗೆಯ ಲೇಖಕರು. ‘ಕಾನೂರು ಹೆಗ್ಗಡಿತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. 31 ವರ್ಷ ಯಾವ ಘಟ್ಟದಲ್ಲಿದ್ದರೋ! ತೇಜಸ್ವಿಯವರದಂತೂ ಶುದ್ಧ ಅಶಿಸ್ತು. ನವ್ಯದ ಜಾಡಿನಲ್ಲಿ ‘ಸ್ವರೂಪ’ ಬರೆದವರು ‘ಅಬಚೂರಿನ ಪೋಸ್ಟಾಫೀಸು’ ಪುಸ್ತಕದ ಮುನ್ನುಡಿಯಲ್ಲಿ ಆ ಜಾಡಿಗೇ ಬೆನ್ನು ತಿರುಗಿಸಿದರು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದರು, ಗಾಳ ಹಾಕಿ ಮೀನಿಗೆ ಕಾದರು. 1980ರಲ್ಲಿ ‘ಕರ್ವಾಲೊ’ ಬಂತು. ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಒಂದು ಹಾರುವ ಓತಿ. ಗಾಳ ಹಾಕಿ ಕೂತದ್ದನ್ನು ಯಾವ ಘಟ್ಟಕ್ಕೆ ಸೇರಿಸಬೇಕೆಂದು ವಿಚಾರಸಂಕಿರಣಗಳು ಇನ್ನೂ ತೀರ್ಮಾನಿಸಿಲ್ಲ.

ಸಾಕು ಈ ಘಟ್ಟಗಳ ಸಹವಾಸ. ಅರೇಬಿಕಾ ಗಿಡ ನೆಟ್ಟರೆ ಮೊದಲ ಫಸಲಿಗೇ ಮೂರು-ನಾಲ್ಕು ವರ್ಷ ಕಾಯುವ ಸೀಮೆಯಿದು; ಬರೆಯುವವನಿಗೆ ಮಾತ್ರ ಮುಂದಿನ ಸಮ್ಮೇಳನದ ಗಡುವು! ಇಲ್ಲೊಂದು ಮನೆಯ ಮಂಚದಡಿ ಒಬ್ಬ ಹುಡುಗನ ಮೊದಲ ಕಾದಂಬರಿಯ ಕಟ್ಟುಗಳಿವೆ. ಸುತಳಿ ಬಿಚ್ಚಿಲ್ಲ. ರಕ್ಷಾಪುಟಕ್ಕೆ ಬೂಷ್ಟು ಹಿಡಿದಿದೆ. ಬೆನ್ನುಡಿಯಲ್ಲಿ ‘ಭರವಸೆಯ’ ಎಂಬಷ್ಟು ಓದಲು ಬರುತ್ತದೆ, ‘ಲೇಖಕ’ ಅಳಿಸಿಹೋಗಿದೆ. ಆ ಪುಸ್ತಕದ ಲೈನ್‌ಮನೆ ಮುದುಕಿ ಹದಿನೈದು ಪುಟ ಪ್ರೊಫೆಸರರಂತೆ ಮಾತಾಡುತ್ತಾಳೆ. ಶಾಲು ಹೊದಿಸಿದವರಲ್ಲಿ ಒಬ್ಬರಾದರೂ ಅದನ್ನು ಅವನಿಗೆ ಹೇಳಬಾರದಿತ್ತೇ? ಹೊಗಳಿ ಹೊಗಳಿ ಒಬ್ಬ ಹುಡುಗನನ್ನು ಒಬ್ಬಂಟಿ ಮಾಡಿದಿರಿ. ಅವನೀಗ ಬರೆಯುತ್ತಿಲ್ಲ.

ಸಂಘಟಕರಲ್ಲಿ ವಿನಂತಿ: ಸನ್ಮಾನ ಬೇಡ. ಒಂದು ಪ್ರತಿ ಕೊಂಡು ಓದಿ, ಬೇಸರ ಬಂದ ಪುಟಗಳಿಗೆ ಪೆನ್ಸಿಲ್ ಗುರುತು ಹಾಕಿ ಅವನಿಗೇ ವಾಪಸ್ ಕಳಿಸಿ. ಅಂಚೆ ಖರ್ಚು ಶಾಲಿಗಿಂತ ಕಡಿಮೆಯೇ ಆಗುತ್ತದೆ.