ಗ್ರಸ್ತಾಸ್ತ ನಿರ್ಣಯ: ತುರ್ಭೆ ಸಂಪ್ರದಾಯ

ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದರೆ ಖಗ್ರಾಸ. ತುಸು ದೂರದಲ್ಲಿದ್ದು, ಗಾತ್ರ ಸಾಲದೆ, ಸುತ್ತ ಬಳೆಯಷ್ಟು ಬೆಳಕು ಬಿಟ್ಟರೆ ಕಂಕಣ. ಒಂದು ಬದಿ ಕಚ್ಚಿ ಬಿಟ್ಟರೆ ಪಾರ್ಶ್ವ. 1980ರ ಫೆಬ್ರವರಿ 16ರ ಖಗ್ರಾಸ ಅಂಕೋಲಾ, ಹುಬ್ಬಳ್ಳಿ, ರಾಯಚೂರಿನವರ ಪಾಲಾಯಿತು. 2019ರ ಡಿಸೆಂಬರ್ 26ರ ಕಂಕಣ ಮಂಗಳೂರು, ಕಾಸರಗೋಡಿಗೆ ಸಂದಿತು. ಎರಡು ಸಲವೂ ನವಿ ಮುಂಬಯಿಯ ನಮ್ಮ ತುರ್ಭೆಗೆ ದಕ್ಕಿದ್ದು ಬರೀ ಪಾರ್ಶ್ವ. ಹೀಗಾಗಿ ಇಲ್ಲಿನ ಕನ್ನಡಿಗರು ಅನಿವಾರ್ಯವಾಗಿ ಪಾರ್ಶ್ವಗ್ರಹಣ ತಜ್ಞರಾಗಿದ್ದಾರೆ.

ಈ ಶಾಸ್ತ್ರದ ಮೂಲಗ್ರಂಥವೆಂದರೆ 2022ರ ಅಕ್ಟೋಬರ್ 25. ಹಿಂದಿನ ದಿನ ಲಕ್ಷ್ಮೀಪೂಜೆ, ಮರುದಿನ ಪಾಡ್ಯ, ನಡುವೆ ಗ್ರಹಣ. ಮುಂಬಯಿ ಸುತ್ತಿನಲ್ಲಿ ಸ್ಪರ್ಶ ಸಂಜೆ 4.49ಕ್ಕೆ, ಹೆಚ್ಚೆಂದರೆ ಬಿಂಬದ ಶೇ. 24 ಭಾಗ ಮರೆ, ಸೂರ್ಯಾಸ್ತ 6.08ಕ್ಕೆ. ಮೋಕ್ಷಕ್ಕೆ ಮೊದಲೇ ಸೂರ್ಯ ಮುಳುಗಿದ್ದರಿಂದ ಇದು ಗ್ರಸ್ತಾಸ್ತ.

ಮೊದಲ ತೊಡಕು ವೇಧ. ಸೂರ್ಯಗ್ರಹಣಕ್ಕೆ ನಾಲ್ಕು ಯಾಮ, ಅಂದರೆ ಹನ್ನೆರಡು ಗಂಟೆ ಮುಂಚೆಯೇ ಊಟ ವರ್ಜ್ಯ. ಲೆಕ್ಕ ಹಾಕಿದರೆ ನಸುಕಿನ 4.49. ಆದರೆ ಬಾಲ, ವೃದ್ಧ, ರೋಗಿಗಳಿಗೆ ವಿನಾಯಿತಿಯುಂಟು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಮ್ಮ ಸೊಸೈಟಿಯಲ್ಲಿ ಆರೋಗ್ಯವಂತರೇ ಉಳಿದಿರಲಿಲ್ಲ. ವರ್ಷವಿಡೀ ಸಕ್ಕರೆ ಕಾಯಿಲೆ ಮುಚ್ಚಿಟ್ಟವರು ರಿಪೋರ್ಟು ಹಿಡಿದು ಚಕ್ಕುಲಿ ಡಬ್ಬಿಯ ಬಳಿ ನಿಂತರು. ಡಬ್ಬಿಯ ಮುಚ್ಚಳದ ಮೇಲೆ ದರ್ಭೆ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ, ಚಕ್ಕುಲಿ ತೆಗೆದು, ದರ್ಭೆಯನ್ನು ಮತ್ತೆ ಅದೇ ದಿಕ್ಕಿಗೆ ಇಡುವುದು ಸಂಪ್ರದಾಯ.

ಎರಡನೆಯದು ಗೋಚರತ್ವ. ಕಾಣಿಸದ ಗ್ರಹಣಕ್ಕೆ ಸೂತಕವಿಲ್ಲ ಎನ್ನುತ್ತದೆ ಪಂಚಾಂಗ. ಊರಿಗೆ ಹೇಳಿದ ಈ ಮಾತನ್ನು ಮಹಡಿಗೆ ಅನ್ವಯಿಸಿದ ಕೀರ್ತಿ ತುರ್ಭೆಯದು. ನಮ್ಮ ಪಡುವಣಕ್ಕೆ ಒಂದು ಟವರ್ ಎದ್ದಿದೆ. ಅದರ ದೆಸೆಯಿಂದ ಎರಡನೇ ಮಹಡಿಯಲ್ಲಿ ನಾಲ್ಕೂಕಾಲಿಗೇ ಸೂರ್ಯ ಕಂತುತ್ತಾನೆ. ಹತ್ತನೇ ಮಹಡಿಯಲ್ಲಿ ಮಾತ್ರ ಕೊನೆಯ ಕಿರಣದವರೆಗೂ ಇರುತ್ತಾನೆ.

ಐದೂವರೆಗೆ ಹತ್ತನೆಯ ಮಹಡಿಯ ರಾಯರು ಸ್ನಾನಕ್ಕೆ ನೀರಿಲ್ಲವೆಂದು ವಿಚಾರಿಸಲು ಕೆಳಗಿಳಿದಾಗ, ಎರಡನೆಯ ಮಹಡಿಯಿಂದ ಬಂಗುಡೆ ಹುರಿಯುವ ಪರಿಮಳ ಬರುತ್ತಿತ್ತು.

“ಎಂಥದು ಶೆಟ್ರೇ, ಗ್ರಹಣದ ಹೊತ್ತಿಗೆ ಒಲೆ ಹಚ್ಚಿದ್ದೀರಿ?”

“ಯಾವ ಗ್ರಹಣ ಮಾರಾಯ್ರೇ? ನಮ್ಮಲ್ಲಿ ಸೂರ್ಯ ಮುಳುಗಿ ಒಂದು ಗಂಟೆ ಮೇಲಾಯ್ತು.”

ಶಾಸ್ತ್ರ ಬಲ್ಲ ರಾಯರು ಮರುಮಾತಿಲ್ಲದೆ ಮೇಲೇರಿದರು.

ಮೂರನೆಯದೇ ಕಠಿಣ. ಗ್ರಸ್ತಾಸ್ತದಲ್ಲಿ ಮೋಕ್ಷ ಕಣ್ಣಿಗೆ ಬೀಳದ ಕಾರಣ, ಮರುದಿನ ಶುದ್ಧ ಸೂರ್ಯಬಿಂಬ ನೋಡಿಯೇ ಊಟವೆಂದು ಧರ್ಮಶಾಸ್ತ್ರ. ತುರ್ಭೆಗೆ ಪೂರ್ವದಲ್ಲಿ ಪಾರ್ಸಿಕ್ ಬೆಟ್ಟವಿದೆ. ಪಂಚಾಂಗದ ಸೂರ್ಯೋದಯವಾದ ಮೇಲೂ ಬೆಟ್ಟದ ಸೂರ್ಯೋದಯ ಬಾಕಿ ಇರುತ್ತದೆ. ಅದಾದ ಮೇಲೆ ಠಾಣೆ–ಬೇಲಾಪುರ ರಸ್ತೆಯ ಧೂಳಿನ ಮೋಕ್ಷ. ಇಷ್ಟೆಲ್ಲ ಕಾದರೆ ಪಾಡ್ಯದ ಊಟವೂ ತಪ್ಪೀತೆಂದು ಮಹಿಳಾ ಮಂಡಳಿ ತುರ್ತಾಗಿ ಸೇರಿ, ದೂರದರ್ಶನದಲ್ಲಿ ಕಂಡ ಮೋಕ್ಷವೂ ಮೋಕ್ಷವೇ ಎಂದು ತೀರ್ಮಾನಿಸಿತು. ಏಳು ಗಂಟೆಗೆ ಕುಕ್ಕರುಗಳು ಒಟ್ಟಿಗೆ ಕೂಗಿದವು.

ಮಹಡಿಗೊಂದು ಸೂತಕದ ಈ ಶಾಸ್ತ್ರದ ಪ್ರಾಯೋಗಿಕ ಫಲ ಮನೆಬೆಲೆಯ ಮೇಲಾಗಬೇಕಿತ್ತು. ಆದರೆ ಮೇಲ್ಮಹಡಿಗೆ ಹೆಚ್ಚು ದರ ಕೇಳುವ ಬಿಲ್ಡರ್‌ಗಳು ಸೂತಕದ ಪ್ರಶ್ನೆಯನ್ನು ಲಕ್ಷಿಸಿಯೇ ಇಲ್ಲ. 2027ರ ಆಗಸ್ಟ್ 2ರಂದು ಈಜಿಪ್ತಿನ ಲಕ್ಸರ್‌ನಲ್ಲಿ ಆರು ನಿಮಿಷ ದಾಟುವ ಖಗ್ರಾಸ. ನಮಗೆ ಎಂದಿನಂತೆ ಇಳಿಹೊತ್ತಿನ ಪಾರ್ಶ್ವ. ಮೋಡವಿದ್ದರೆ ಗೋಚರವೇ ಅಗೋಚರವೇ ಎಂಬ ಚರ್ಚೆ ಈಗಲೇ ಶುರುವಾಗಿದೆ. ರಾಯರು ಚರ್ಚೆಗೆ ಬರುತ್ತಿಲ್ಲ. ಅವರು ಎರಡನೇ ಮಹಡಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾರೆ, ಒಂದು ದಿನದ ಮಟ್ಟಿಗೆ.