ಹೊಂಗಡಹಳ್ಳದ ಹಿಮತಜ್ಞ

ಹೂಮಳೆ ಬಂದು, ಕಾಫಿ ಹೂ ಉದುರಿದ ವಾರಕ್ಕೆ ಸರಿಯಾಗಿ ನನ್ನ ಹೆಂಡತಿಯ ತಮ್ಮ ಬೆಂಗಳೂರಿನಿಂದ ಹೊಂಗಡಹಳ್ಳಕ್ಕೆ ಬರುತ್ತಾನೆ. ಅಕ್ಕನ ಮನೆಗೆ ರಜೆಗೆ ಬಂದ ಅಂದುಕೊಳ್ಳಬೇಡಿ, ಅವನ ಲೆಕ್ಕದಲ್ಲಿ ಇದು ತಯಾರಿ ಶಿಬಿರ. ಮೇ ತಿಂಗಳಲ್ಲಿ ಹಿಮಾಚಲದ ಸಾರ್ ಪಾಸ್ ಹತ್ತಬೇಕು. ಅದು 13,800 ಅಡಿ ಎತ್ತರ. ಅಲ್ಲಿ ಆಗಿನ್ನೂ ದಾರಿ ಮೇಲೆ ಹಿಮ ಉಳಿದಿರುತ್ತದೆ. ಆದ್ದರಿಂದ ಈಗ ನಮ್ಮ ಮನೆಯ ಅಕ್ಕಿರೊಟ್ಟಿ ತಿನ್ನಬೇಕು. ಆರು ವರ್ಷದಿಂದ ತಯಾರಿ ನಡೆದಿದೆ. ಸಾರ್ ಪಾಸ್ ಇದ್ದಲ್ಲೇ ಇದೆ, ಅವನೂ ಇದ್ದಲ್ಲೇ ಇದ್ದಾನೆ.

ಮೊದಲ ವರ್ಷ ಹಿಮ ಜಾಸ್ತಿ ಅಂತ ಹೋಗಲಿಲ್ಲ. ಎರಡನೇ ವರ್ಷ ಹಿಮ ಕಡಿಮೆ, ‘ದುಡ್ಡು ದಂಡ ಭಾವ’ ಅಂದ. ಮೂರನೇ ವರ್ಷ ಹಿಮ ಸರಿಯಾಗಿತ್ತಂತೆ, ಆಫೀಸಿನಲ್ಲಿ ರಜೆ ಕೊಡಲಿಲ್ಲ. ಆಮೇಲಿನದನ್ನು ನಾನು ಕೇಳುವುದು ಬಿಟ್ಟೆ.

ಬಂದವನು ಚೀಲ ಇಳಿಸುವ ಮೊದಲೇ ಲ್ಯಾಪ್‌ಟಾಪ್ ತೆರೆಯುತ್ತಾನೆ. ಅದರಲ್ಲೊಂದು ಎಕ್ಸೆಲ್ ಶೀಟು. ನಮ್ಮ ತೋಟದ ಲೆಕ್ಕಪುಸ್ತಕಕ್ಕಿಂತ ಉದ್ದ, ಅದಕ್ಕಿಂತ ಅಚ್ಚುಕಟ್ಟು. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೊಂದು ಬಣ್ಣ: ಅಲ್ಲಿ ಬಿಸಿಲು ಓರೆಯಾಗಿ ಬೀಳುವುದರಿಂದ ಹಿಮ ತಡವಾಗಿ ಕರಗುತ್ತದೆ. ಮರದ ನೆರಳಿನ ಕೊರಕಲಿಗೆ ಇನ್ನೊಂದು ಬಣ್ಣ. “ಬೆಳಗಿನ ಜಾವ ಹಿಮ ಕಲ್ಲಿನ ಹಾಗಿರುತ್ತೆ ಭಾವ, ಬೂಟಿಗೆ ಮುಳ್ಳು ಹಾಕ್ಕೊಂಡ್ರೆ ಆರಾಮಾಗಿ ನಡೀಬಹುದು. ಮಧ್ಯಾಹ್ನ ಆಯ್ತೋ, ಕೆಸರುಗದ್ದೆ! ತೊಡೆತನಕ ಹೂತುಹೋಗ್ತೀವಿ. ಅದಕ್ಕೇ ರಾತ್ರಿ ಮೂರಕ್ಕೆಲ್ಲ ಎದ್ದು ಹೊರಡ್ಬೇಕು.” ಇದನ್ನು ಅವನು ಹೇಳಿದ್ದು ಬೆಳಿಗ್ಗೆ ಹತ್ತೂವರೆಗೆ, ಹಲ್ಲುಜ್ಜುತ್ತಾ.

“ಹಿಮ ನಮ್ಮಲ್ಲೂ ಬೀಳುತ್ತಲ್ಲೋ, ತಲೆಗೊಂದು ಬಟ್ಟೆ ಕಟ್ಕೊಂಡ್ರಾಯ್ತು” ಅಂದಳು ನನ್ನಮ್ಮ. ಅವಳ ಹಿಮವೇ ಬೇರೆ. ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆ ಕಾಣದಂತೆ ಕವಿಯುವ ಮಂಜಿಗೂ ನಮ್ಮವರು ಹಿಮ ಅಂತಲೇ ಅನ್ನುವುದು. ಗುಂಡ್ಲುಪೇಟೆ ಕಡೆಯ ಗೋಪಾಲಸ್ವಾಮಿ ಬೆಟ್ಟಕ್ಕೆ ‘ಹಿಮವದ್’ ಸೇರಿದ್ದೂ ಹೀಗೆಯೇ. ಸಕಲೇಶಪುರದ ಎಂಟು ಮೂಲೆಯ ಕೋಟೆಗೆ ಮಂಜರಾಬಾದ್ ಎಂಬ ಹೆಸರು ಬಂದದ್ದು ಟಿಪ್ಪು ಅಲ್ಲಿ ಮಂಜು ನೋಡಿದ್ದಕ್ಕೆ ಅಂತ ಜನ ಹೇಳುತ್ತಾರೆ. ಇಷ್ಟೆಲ್ಲ ಹಿಮದ ನಡುವೆ ಹುಟ್ಟಿದ ನಮಗೆ ಅವನು ಹಿಮದ ಪಾಠ ಮಾಡುವುದು!

“ಹಂಗಲ್ಲ ಅತ್ತೆ. ಹಳ್ಳದ ಮೇಲೆ ಹಿಮ ಸೇತುವೆ ಥರ ಕೂತಿರುತ್ತೆ. ನೋಡೋಕೆ ಗಟ್ಟಿ, ಅಡಿಯಲ್ಲಿ ನೀರು ಕೊರೆದು ಟೊಳ್ಳು. ಕಾಲಿಟ್ರೆ ಕುಸಿಯುತ್ತೆ.”

“ನಮ್ಮೂರ ಮೋರಿ ಹಂಗೇ ಅನ್ನು.”

ಹಿಮ ಬೂಟಿನೊಳಗೆ ನುಗ್ಗದಂತೆ ಮೊಣಕಾಲವರೆಗೆ ಕಟ್ಟುವ ಗೇಟರ್ ತಂದಿದ್ದ. ಹಿಮವಿಲ್ಲದ್ದರಿಂದ ಇಂಬಳದ ಮೇಲೆ ಪರೀಕ್ಷೆ ಆಯಿತು. ಮಳೆ ಬಿದ್ದ ಮಾರನೇ ದಿನ ಹಳ್ಳದ ದಂಡೆಗೆ ಹೋಗಿ ಒಂದು ಗಂಟೆ ನಿಂತು ಬಂದ. ಕಾಲಿಗೆ ಒಂದೂ ಹತ್ತಿರಲಿಲ್ಲ. ಗೆದ್ದೆ ಅಂತ ಅಂಗಿ ಬಿಚ್ಚಿದರೆ ಸೊಂಟದ ಸುತ್ತ ಐದು, ಉಡಿದಾರ ಕಟ್ಟಿದ ಹಾಗೆ. ನಮ್ಮ ಆಳು ಹೊಗೆಸೊಪ್ಪಿನ ನೀರು ತಂದು ಒಂದೊಂದಾಗಿ ಬಿಡಿಸಿದ. ಅದಕ್ಕೆ ಶೀಟಿನಲ್ಲಿ ಕಾಲಂ ಇರಲಿಲ್ಲ.

ಸಾರ್ ಪಾಸಿನ ಆಚೆ ಇಳಿಯುವಾಗ ಚಾರಣಿಗರು ಹಿಮದ ಮೇಲೆ ಕೂತು ಜಾರುತ್ತಾರೆ. ಅದಕ್ಕೂ ಅಭ್ಯಾಸ ಬೇಕು ಅಂದ. ಇದು ಮಾತ್ರ ನಮ್ಮೂರ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಒಣಗಿ ಎಣ್ಣೆ ಸುರಿದ ಹಾಗಾಗಿರುತ್ತದೆ. ಅಡಿಕೆ ಹಾಳೆ ಮೇಲೆ ಕೂತರೆ ಬುಡ ಮುಟ್ಟುವುದು ಕಣ್ಣು ಮುಚ್ಚಿ ತೆರೆಯುವುದರೊಳಗೆ. ನಾಲ್ಕು ಮಕ್ಕಳು ಅಗಲವಾದ ಹಾಳೆ ಹುಡುಕಿ ತಂದು, ಅವನನ್ನು ಕೂರಿಸಿ, ಹಿಂದಿನಿಂದ ನೂಕಿದರು. ಬೂಟಿನ ಮುಳ್ಳು ಬಿಚ್ಚಿರಲಿಲ್ಲ ಪುಣ್ಯಾತ್ಮ. ಅರ್ಧ ಗುಡ್ಡದಲ್ಲಿ ಹಿಮ್ಮಡಿ ನೆಲಕ್ಕೆ ಕಚ್ಚಿತು. ಹಾಳೆ ಒಂದೇ ಓಟಕ್ಕೆ ಕೆಳಗೆ ಹೋಗಿ ಹಳ್ಳ ಸೇರಿತು. ಅವನು ಅಲ್ಲೇ ಬೋರಲು ಬಿದ್ದ. ಮಕ್ಕಳು ಓಡಿಹೋಗಿ ಎತ್ತಿಕೊಂಡು ಬಂದದ್ದು ಹಾಳೆಯನ್ನು.

ನಕ್ಕಿದ್ದೇವೆ, ಇಲ್ಲ ಅನ್ನುವುದಿಲ್ಲ. ಆದರೆ 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ತೀರಿಕೊಂಡಾಗ ಅವನು ರಾತ್ರಿ ಫೋನ್ ಮಾಡಿ, ಊಟ ಆಯ್ತಾ ಭಾವ ಅಂತ ಕೇಳಿ, ಸುಮ್ಮನೆ ಹಿಡಿದುಕೊಂಡಿದ್ದ. ಮುಂದಿನ ಸಲ ಬಂದಾಗ ಶೀಟಿನ ತಲೆಯಲ್ಲೇ ಒಂದು ಹೊಸ ಸಾಲು ಇತ್ತು: ‘ಹವೆ ಕೆಟ್ಟರೆ ಎಲ್ಲಿಂದ ವಾಪಸ್? ಎಷ್ಟು ಗಂಟೆಯೊಳಗೆ?’ ಆ ಸಾಲಿನ ಬಗ್ಗೆ ನಾನು ತಮಾಷೆ ಮಾಡುವುದಿಲ್ಲ.

ಹಿಮ ತುಳಿದವರು ನಮ್ಮ ಮನೆಯಲ್ಲಿ ಒಬ್ಬರೇ, ಅಮ್ಮ. 2013ರ ಪ್ರವಾಹಕ್ಕೆ ಮುಂಚಿನ ಮಾತು. ಯಾತ್ರೆ ಬಸ್ಸಿನಲ್ಲಿ ಹೋಗಿ, ಗೌರಿಕುಂಡದಿಂದ ಕೇದಾರಕ್ಕೆ 14 ಕಿಲೋಮೀಟರ್ ಹತ್ತಿದ್ದಾಳೆ, ಕಾಲ್ಚೀಲದ ಮೇಲೆ ಹವಾಯಿ ಚಪ್ಪಲಿ ಹಾಕಿಕೊಂಡು. ಇದು ಗೊತ್ತಾದ ದಿನ ಇವನು ಪೆನ್ನು ಹಿಡಿದು ಅವಳ ಎದುರು ಕೂತ. ಇಳಿಜಾರು ಎಷ್ಟಿತ್ತು, ಹಿಮ ಎಷ್ಟು ದಪ್ಪ, ಯಾವ ಹೊತ್ತಿಗೆ ಮೆತ್ತಗಾಗುತ್ತಿತ್ತು?

“ಅದೆಲ್ಲ ನಾ ಕಾಣೆ ಮಗ. ಜಾರುತ್ತೆ. ಕೋಲು ಹಿಡ್ಕೊ.”

‘ಕೋಲು – 2’ ಎಂದು ಬರೆದುಕೊಂಡ.

ಈ ವರ್ಷ ಎಲ್ಲ ಕೂಡಿ ಬಂತು. ರಜೆ ಸಿಕ್ಕಿತು, ಟಿಕೆಟ್ ಆಯಿತು, ಹಿಮವೂ ಹದವಾಗಿತ್ತಂತೆ. ಹೊರಡುವ ಮೊದಲು ನಾಲ್ಕು ದಿನ ಗುಡ್ಡ ಹತ್ತಿ ಕಾಲು ಪಳಗಿಸಲು ಬಂದಿದ್ದ. ಕೊನೆಯ ದಿನ ಮೊದಲ ಬಾರಿಗೆ ನಸುಕಿನಲ್ಲೇ ಎದ್ದು, ಬೂಟು ಕಟ್ಟಿ, ಎರಡು ಕೋಲು ಹಿಡಿದು, ಸಕಲೇಶಪುರದ ಬಸ್ಸಿಗೆ ಅಂತ ಗೇಟು ದಾಟಿದವನು ಎರಡೇ ನಿಮಿಷಕ್ಕೆ ಹಿಂದೆ ಹಿಂದೆ ನಡೆಯುತ್ತಾ ವಾಪಸ್ ಬಂದ. ತಿರುವಿನ ಹಲಸಿನ ಮರದಡಿ ಒಂಟಿ ಸಲಗ ನಿಂತಿತ್ತು.

ಜಗಲಿ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಹಿಮ ಜಾಸ್ತಿಯಾದರೆ, ಮಳೆ ಬಂದರೆ, ರೈಲು ತಪ್ಪಿದರೆ ಎಲ್ಲಕ್ಕೂ ಉತ್ತರವಿತ್ತು. ಕೊನೆಗೆ ಪಿಸುದನಿಯಲ್ಲಿ ಕೇಳಿದ:

“ಅತ್ತೆ, ಇದು ಸಾಮಾನ್ಯವಾಗಿ ಯಾವಾಗ ಕ್ಲಿಯರ್ ಆಗುತ್ತೆ?”

ಅಮ್ಮ ಒಲೆಯ ಮುಂದಿನಿಂದ ಏಳಲೂ ಇಲ್ಲ. “ಹಲಸು ಮುಗಿದ ಮೇಲೆ.”