ದಿವಾದ ಫಾಟಕ, ಕುಂದಗೋಳದ ಗಾಡಿ

ಐಸ್‌ಲ್ಯಾಂಡ್ ಅಂತ ಒಂದು ದೇಶ ಇದೆ. ಅಲ್ಲಿಯ ಒಟ್ಟು ಜನ 4 ಲಕ್ಷದ ಆಸುಪಾಸು. ನಮ್ಮ ನೆರೆಯ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಯಲ್ಲಿ 2011ರ ಗಣತಿಯ ಹೊತ್ತಿಗೇ 12 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಆ ದೇಶವನ್ನು ಇಡಿಯಾಗಿ ತಂದು ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿಸಿದರೂ ಬೆಳಗಿನ ಲೋಕಲ್ಲಿನವರು, 'ಇವತ್ತು ಸ್ವಲ್ಪ ಗರ್ದಿ ಜಾಸ್ತಿ' ಎಂದು ಬ್ಯಾಗನ್ನು ಎದೆಯ ಮೇಲೆ ಎಳೆದುಕೊಂಡು ಸುಮ್ಮನಾದಾರು.

ಇಂಥ ಪುಟ್ಟ ದೇಶದವರು ಜಗತ್ತಿನ ಒಪೆರಾ ಮನೆಗಳಿಗೆ ಗಾಯಕಿಯರನ್ನು ಕಳಿಸುತ್ತಾರೆ ಎಂದು ನನಗೆ ಹೇಳಿದವಳು ನಮ್ಮ ಮೇಲಿನ ಮಹಡಿಯ ಹುಡುಗಿ. ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದಾಳೆ. "ಅಂಕಲ್, ನಾನು ಸೊಪ್ರಾನೊ" ಎಂದಳು. ಯಾವ ಕಂಪನಿಯಲ್ಲಿ, ಪಗಾರ ಎಷ್ಟು ಎಂದು ಕೇಳುವಷ್ಟು ದಡ್ಡ ನಾನಲ್ಲ. ಹೆಣ್ಣುದನಿಯಲ್ಲಿ ಎಲ್ಲಕ್ಕಿಂತ ಎತ್ತರದ್ದು ಸೊಪ್ರಾನೊ. ಅದರ ಕೆಳಗೆ ಮೆಜೊ, ಅದಕ್ಕೂ ಕೆಳಗೆ ಆಲ್ಟೊ. ಇಷ್ಟಕ್ಕೇ ಮುಗಿಯುವುದಿಲ್ಲ. ಜರ್ಮನಿಯ ಒಪೆರಾ ಮನೆಗಳಲ್ಲಿ ಸೊಪ್ರಾನೊಗಳಲ್ಲೇ ಹಗುರದ್ದು, ಭಾರದ್ದು, ಭಾವುಕದ್ದು ಎಂದು ಒಳಪಂಗಡಗಳಿವೆ. ಯಾವ ಪಂಗಡಕ್ಕೆ ಯಾವ ಪಾತ್ರ ಎಂಬ ಪಟ್ಟಿಯೂ ಇದೆ. ಕರಾರುಪತ್ರ ಆಗುವುದು ಆ ಪಟ್ಟಿಯ ಪ್ರಕಾರ. ಜಾತಿ ಬಿಟ್ಟು ಹೊರಗೆ ಹೋದೆವು ಅಂದುಕೊಂಡರೆ ಅಲ್ಲಿ ಗಂಟಲಿಗೇ ಜಾತಿ!

ಐಸ್‌ಲ್ಯಾಂಡಿನ ಮರಿಯಾ ಮಾರ್ಕನ್ ಎಂಬಾಕೆ ಬರ್ಲಿನ್ನಿಗೆ ಹೋಗಿ ಕಲಿತಳು. 1942ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊಜಾರ್ಟನ ಕೃತಿಯೊಂದರಲ್ಲಿ ಹಾಡಿದಳು. ಅವಳ ದೇಶದವರಲ್ಲಿ ಆ ರಂಗ ಹತ್ತಿದ್ದು ಅವಳೇ ಮೊದಲು. ಕಲಿಯಬೇಕಾದರೆ ಸಮುದ್ರ ದಾಟಬೇಕು. ದ್ವೀಪದವರ ಹಣೆಬರಹ ಅದು. ಮುಂಬಯಿ ಲೋಕಲ್ಲಿನ ದಾರಿಯಲ್ಲಿರುವ ನಮ್ಮ ದಿವಾದವರದೂ ಹೆಚ್ಚುಕಡಿಮೆ ಅದೇ. ಏನು ಬೇಕಾದರೂ ಗಾಡಿ ಹತ್ತಬೇಕು. ಗಾಡಿ ಹತ್ತಬೇಕಾದರೆ ಫಾಟಕ ದಾಟಬೇಕು. ಫಾಟಕ ತೆರೆದರೆ ಗಾಡಿ ನಿಲ್ಲುತ್ತದೆ, ಗಾಡಿ ಹೊರಟರೆ ಫಾಟಕ ಬೀಳುತ್ತದೆ. 2016ರ ಕೊನೆಯಿಂದ ಫಾಸ್ಟ್ ಲೋಕಲ್ ಇಲ್ಲಿ ನಿಲ್ಲುತ್ತಿದೆಯೇನೋ ನಿಜ. ಆದರೆ ಗಾಡಿ ನಿಲ್ಲುವುದೇ ಬೇರೆ, ನಾವು ಒಳಗೆ ನುಗ್ಗುವುದೇ ಬೇರೆ. ಅದಕ್ಕೇ ಇಲ್ಲಿಯ ಜಾಣರು ಮುಂಬಯಿಗೆ ಹೋಗಬೇಕಾದಾಗ ಮೊದಲು ಕಲ್ಯಾಣದ ಕಡೆ ಉಲ್ಟಾ ಹೋಗಿ ಸೀಟು ಹಿಡಿದು, ಅದೇ ಗಾಡಿಯಲ್ಲಿ ಕೂತು ವಾಪಸು ಬರುತ್ತಾರೆ.

ಒಳಗೆ ಸೇರಿಕೊಂಡ ಮೇಲೆ ಸಂಗೀತಕ್ಕೇನೂ ಕೊರತೆಯಿಲ್ಲ. ನಮ್ಮ ಡಬ್ಬಿಯ ಭಜನಾ ಮಂಡಳಿ ತಾಳ ಕುಟ್ಟುತ್ತ ವಿಠ್ಠಲನನ್ನು ಕರೆಯುತ್ತದೆ. ಫಾಸ್ಟ್ ಲೋಕಲ್ಲು 2022ರ ತನಕ ಪಾರ್ಸಿಕ್ ಸುರಂಗದೊಳಗೆ ಹೋಗುತ್ತಿತ್ತು; ಅಲ್ಲಿ ಗಾಡಿಯ ಸದ್ದೇ ಮೇಲಾದಾಗ ಇಡೀ ಮಂಡಳಿ ಯಾರ ಸನ್ನೆಗೂ ಕಾಯದೆ ಶ್ರುತಿಯಲ್ಲಿ ಒಂದು ಪಟ್ಟಿ ಮೇಲೇರಿಬಿಡುತ್ತಿತ್ತು. ಡಬ್ಬಿಯಲ್ಲಿ ಮೆಜೊಗಳನ್ನೂ ಸೊಪ್ರಾನೊಗಳನ್ನೂ ವಿಂಗಡಿಸುವವರಿಲ್ಲ. ವಿಂಗಡಿಸುವುದೇನಿದ್ದರೂ ಮೂವರ ಬೆಂಚಿನಲ್ಲಿ ನಾಲ್ಕನೆಯ ಸೀಟಿನ ಹಕ್ಕು ಯಾರದು ಎಂಬುದನ್ನು.

ಗಾಡಿ ಮತ್ತು ಗಾನ ಎಂದಾಗ ಧಾರವಾಡದ ಕಡೆಯವನಾದ ನನ್ನ ಮನಸ್ಸು ತಾನಾಗಿ ಕುಂದಗೋಳಕ್ಕೆ ಹೋಗುತ್ತದೆ. 1930ರ ದಶಕದ ಕೊನೆಯ ವರ್ಷಗಳು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ, ಕಿರಾಣಾ ಘರಾನೆಯ ಸವಾಯಿ ಗಂಧರ್ವರಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು. ವಯಸ್ಸು ಇಪ್ಪತ್ತೈದರ ಆಚೀಚೆ, ಮನೆಯಲ್ಲಿ ಮಕ್ಕಳು, ಕೈಯಲ್ಲಿ ದುಡ್ಡಿನ ಮುಗ್ಗಟ್ಟು. ಹಾಡಿ ಹೆಸರಾದ ತಾಯಿ ಅಂಬಾಬಾಯಿ ಆಗಲೇ ತೀರಿಕೊಂಡಿದ್ದರು. ಬೀದಿಯಲ್ಲಿ ನಡೆದರೆ 'ಗಾನೇವಾಲಿ' ಎಂದು ಹಂಗಿಸುವ ಬಾಯಿಗಳು ಬೇರೆ. ಪಾಠ ಮುಗಿದು ಕತ್ತಲಾದರೆ ಅವರನ್ನು ಸ್ಟೇಷನ್ನಿನತನಕ ಬಿಟ್ಟು ಬರುವ ಕೆಲಸ ಗುರುಮನೆಯಲ್ಲಿದ್ದ ಹುಡುಗ ಭೀಮಸೇನ ಜೋಶಿಯದು. ಅದೇ ಮನೆಗೆ ನೀರು ಹೊರುವ ಕೆಲಸವೂ ಅವನದೇ ಆಗಿತ್ತು. ಗುರುವನ್ನು ಹುಡುಕುತ್ತ ಟಿಕೇಟಿಲ್ಲದೆ ಉತ್ತರ ಹಿಂದೂಸ್ತಾನವನ್ನೆಲ್ಲ ಸುತ್ತಿ ಬಂದ ಆಸಾಮಿ ಅವನು. ಸಿಕ್ಕಿಬಿದ್ದಲ್ಲಿ ಹಾಡಿ ತೋರಿಸಿ ಪಾರಾಗುತ್ತಿದ್ದನಂತೆ. ನಮ್ಮ ಲೈನಿನ ಟೀಸಿಗಳೆದುರು ಯಾರಾದರೂ ಈ ಪ್ರಯೋಗ ಮಾಡುವುದಿದ್ದರೆ ದಂಡದ ಹಣವನ್ನೂ ಜೇಬಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಗುರುಗಳ ಪಾಠಕ್ರಮವನ್ನು ಈಗಿನ ಕ್ಲಾಸಿನವರು ಕೇಳಿದರೆ ಫೀಸು ವಾಪಸು ಕೇಳಿಯಾರು. ಸ್ವರಾಭ್ಯಾಸದ ಒಂದು ಪಲಟಾ ಕೊಟ್ಟರೆ ಅದು ಹದಕ್ಕೆ ಬರುವವರೆಗೆ ಇನ್ನೊಂದಿಲ್ಲ. ರಾಗಗಳ ರಾಶಿ ಹಾಕುವ ಮಾತೇ ಇಲ್ಲ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರಗಳನ್ನು ಬಿಚ್ಚಬೇಕು ಎಂಬುದು ಅವರ ಪಾಠದ ತಿರುಳು ಎಂದು ಗಂಗೂಬಾಯಿಯವರೇ ನೆನೆಯುತ್ತಿದ್ದರು. ಸ್ವತಃ ಗುರುಗಳು ಮರಾಠಿ ರಂಗಭೂಮಿಯಲ್ಲಿ ಸೀರೆಯುಟ್ಟು ಸ್ತ್ರೀಪಾತ್ರಗಳಲ್ಲಿ ಹಾಡಿ ಜನರನ್ನು ಮರುಳುಮಾಡಿದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೆ ಬೇಕು.

ಗಂಗೂಬಾಯಿಯವರ ಮೊದಮೊದಲ ಗ್ರಾಮೋಫೋನ್ ತಟ್ಟೆಗಳ ಮೇಲಿನ ಹೆಸರು 'ಗಾಂಧಾರಿ'. ಧಾರವಾಡದ ಅಂಗಡಿಗಳಲ್ಲಿ ಗ್ರಾಮೋಫೋನ್ ಹಾಡಿದರೆ ಮನೆಯಿಂದ ಓಡಿಹೋಗಿ ಕೇಳುತ್ತಿದ್ದ ಹುಡುಗಿ ತಾನೇ ತಟ್ಟೆಯೊಳಗೆ ಕೂತಿದ್ದಳು. ಆ ದನಿ ಸಣ್ಣದು, ಚೂಪು, ಎತ್ತರದ್ದು. ಆಮೇಲೆ ಗಂಟಲಿಗೆ ಕಾಯಿಲೆ, ಟಾನ್ಸಿಲ್ ಚಿಕಿತ್ಸೆ. ದನಿ ಇಳಿಯಿತು. ಇಳಿದದ್ದು ಮೇಲೇಳಲೇ ಇಲ್ಲ. ಒಪೆರಾ ಮನೆಯಲ್ಲಿ ಸೊಪ್ರಾನೊಗೆ ಹೀಗಾದರೆ ಪಟ್ಟಿಯಿಂದ ಹೆಸರು ಕಳಚಿದ ಹಾಗೆಯೇ. ಮೈಕಿಲ್ಲದೆ, ವಾದ್ಯವೃಂದವನ್ನು ದಾಟಿಸಿ, 'ಹೈ ಸಿ' ಎಂಬ ಎತ್ತರದ ಸ್ವರವನ್ನು ಕೊನೆಯ ಸಾಲಿಗೆ ಮುಟ್ಟಿಸುವುದೇ ಅವಳ ಅನ್ನ. ಮೊಜಾರ್ಟ್ ಬರೆದದ್ದು ಬರೆದದ್ದೇ. ಗಾಯಕಿಗೆ ನೆಗಡಿಯೆಂದು ಆ ಸ್ವರ ಇಳಿದು ಬರುವುದಿಲ್ಲ.

ನಮ್ಮಲ್ಲಿ ಷಡ್ಜವನ್ನು ಗೊತ್ತುಮಾಡಿಕೊಳ್ಳುವವರು ಹಾಡುವವರೇ. ಹೆಂಗಸರು ಸಾಮಾನ್ಯವಾಗಿ ಹಾರ್ಮೋನಿಯಂನ ಕಪ್ಪು ನಾಲ್ಕು, ಕಪ್ಪು ಐದರಲ್ಲಿ ಹಾಡುತ್ತಾರೆ. ಗಂಡಸರು ಕಪ್ಪು ಒಂದು, ಎರಡರಲ್ಲಿ. ಗಂಗೂಬಾಯಿ ತಂಬೂರಿಯ ತಂತಿ ಇಳಿಸಿ ಗಂಡಸರ ಬೀದಿಗೇ ಬಂದು ಮನೆ ಮಾಡಿದರು. ಹೆಣ್ಣಾಗಿ ಹಾಡಿದ ಗುರು, ಗಂಡುದನಿಯ ಶಿಷ್ಯೆ. ಕಿರಾಣಾ ಘರಾನೆಯ ಕುಂದಗೋಳ ಶಾಖೆ ಲೆಕ್ಕ ಸರಿತೂಗಿಸಿಕೊಂಡಿತು. ಮೇಲಿನ ಸಪ್ತಕ ಬೇಕಾದಾಗ ಹಿಂದೆ ಕೂತ ಮಗಳು ಕೃಷ್ಣಾ ಇದ್ದೇ ಇದ್ದರು. ನನ್ನ ಖಾಸಗಿ ಅಭಿಪ್ರಾಯ ಕೇಳಿದರೆ 'ಗಾಂಧಾರಿ' ಇಂಪಾಗಿದ್ದಾಳೆ, ಅಷ್ಟೆ. ಎದ್ದು ಕೂತು ಕೇಳಬೇಕು ಅನ್ನಿಸುವುದು ಆ ಇಳಿದ ದನಿಯನ್ನು. ಪದ್ಮಭೂಷಣ 1971ರಲ್ಲಿ, ಪದ್ಮವಿಭೂಷಣ 2002ರಲ್ಲಿ ಬಂದದ್ದೂ ಇಳಿದ ದನಿಗೇ. ತೊಂಬತ್ತು ದಾಟಿದ ಮೇಲೆ, 2006ರಲ್ಲೂ ಅವರು ಕಛೇರಿಗೆ ಕೂತರು.

ಈ ಸ್ಫೂರ್ತಿಯಿಂದ ನಾನೂ ಬೆಳಗಿನ ಜಾವ ಖರಜದ ರಿಯಾಜು ಹಿಡಿದೆ. ಕೆಳಗಿನ ಷಡ್ಜದಲ್ಲಿ ಉಸಿರಿರುವಷ್ಟೂ ಹೊತ್ತು ನಿಲ್ಲುವುದು. ದನಿ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಮೂರನೆಯ ಮಹಡಿಯವರು ಬಕೆಟ್ಟು ಹಿಡಿದು ಬಾಗಿಲು ಬಡಿದರು: "ಅಣ್ಣಾ, ಮೋಟರು ಶುರುವಾಯಿತಲ್ಲ, ನಮ್ಮ ನಲ್ಲಿಗೆ ಯಾಕೆ ನೀರಿಲ್ಲ?" ದಿವಾದಲ್ಲಿ ನೀರಿನ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸಬಾರದು. ಹೆಂಡತಿ ರಿಯಾಜು ನಿಲ್ಲಿಸಿದಳು.

ಹಾಡುವುದು ನಿಂತಿತು, ಕೇಳುವುದು ಉಳಿಯಿತು. ಒಂದು ಭಾನುವಾರ ಗಂಗೂಬಾಯಿಯವರನ್ನು ಹಚ್ಚಿದ್ದೆ. ಮಹಡಿಯ ಹುಡುಗಿ ಮೆಟ್ಟಿಲ ಮೇಲೇ ನಿಂತು ಕೇಳಿ, ಇದು ಯಾವ ವರ್ಗದ ದನಿ ಎಂದು ಯೋಚಿಸಿ, "ಅಂಕಲ್, ಗಂಡುದನಿ, ಟೆನರ್ ಇರಬಹುದಾ?" ಎಂದಳು. ಕೆಳಮನೆಯ ಕಾಕಾ ಯಾವ ಉಸ್ತಾದರು ಎಂದು ಕೇಳಿಕೊಂಡೇ ಒಳಗೆ ಬಂದರು. ಹೆಸರು ಹೇಳಿದೆ. "ಅರೇ, ಅವರು ನಮ್ಮವರು, ಮರಾಠಿಯಲ್ಲಿ ಎಷ್ಟು ಹಾಡಿದ್ದಾರೆ!" ಎಂದರು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಕನ್ನಡತಿ ಎಂದೆ. "1956ರ ತನಕ ಧಾರವಾಡ ಯಾವ ಪ್ರಾಂತದಲ್ಲಿತ್ತು? ಮುಂಬಯಿ ಪ್ರಾಂತದಲ್ಲಿ!" ಎಂದು ಕಾಕಾ ಗೆದ್ದ ಮುಖ ಮಾಡಿದರು. ಹಾಗಿದ್ದರೆ ಮುಂಬಯಿಯ ಪಾಲು ಸ್ವಲ್ಪ ಧಾರವಾಡದ್ದೂ ಆಗಬೇಕಲ್ಲ ಎಂದು ನಾನು ಬಾಯಿ ತೆರೆಯುವುದರೊಳಗೆ ಕೆಳಗೆ ಟ್ಯಾಂಕರಿನ ಹಾರ್ನು ಕೇಳಿಸಿತು. ಕಾಕಾ ಡಬ್ಬ ತರಲು ಓಡಿದರು. ಓಡುತ್ತಲೇ ತಿರುಗಿ, "ಬಂದ್ ಮಾಡಬೇಡಿ ಅಣ್ಣಾ, ದ್ರುತ್ ಶುರುವಾಗುವುದರೊಳಗೆ ಬರ್ತೀನಿ" ಎಂದರು.